ಮುತ್ತಜ್ಜ ವೆಂಡೆಲಿನ್‌ನ ಬೇಟೆಗತ್ತಿ

ನಮ್ಮ ಮುತ್ತಜ್ಜ ವೆಂಡೆಲಿನ್ ಎಬರ್ಟ್ ಸ್ಪೆಸಾರ್ಟ್ ಕಾಡಿನ ಕಾವಲುಗಾರ. ಗುಂಡು ತಗಲಿಯೂ ಬೀಳದೆ ಮೈಮೇಲೆ ನುಗ್ಗಿದ ಕಾಡುಹಂದಿಯನ್ನು ಬೇಟೆಗತ್ತಿಯ ಒಂದೇ ತಿವಿತಕ್ಕೆ ಮಲಗಿಸಿದವನು. ಅವನ ಮಗ ಬುರ್ಕಾರ್ಡ್ ಅದೇ ಕತ್ತಿಯನ್ನು ಸೊಂಟಕ್ಕೆ ಕಟ್ಟಿ ಕಳ್ಳಬೇಟೆಯವರ ಎದೆ ನಡುಗಿಸಿದವನು. ಅವನ ಮಗ, ನಮ್ಮಪ್ಪ ಲೊರೆಂಟ್ಸ್, ಯಾರ ಎದೆಯನ್ನೂ ನಡುಗಿಸಲಿಲ್ಲ. ಯುದ್ಧ ಸೋತ ವರ್ಷ ಅಮೆರಿಕದ ಸಿಪಾಯಿಗಳು ಮನೆಮನೆಯ ಆಯುಧ ಕಿತ್ತುಕೊಂಡು ಹೋದಾಗಿನಿಂದ ನಮ್ಮ ಕತ್ತಿ ಕಾಣೆ. ಕೇಳಿದರೆ ಅಪ್ಪ, "ಜೋಪಾನವಾಗಿದೆ" ಎನ್ನುತ್ತಿದ್ದ. ಎಲ್ಲಿ ಎಂದು ಹೇಳದೆಯೇ ಕಣ್ಣು ಮುಚ್ಚಿದ.

ಆ ಕತ್ತಿಯನ್ನು ಹುಡುಕದೆ ಸಾಯುವುದಿಲ್ಲ ಎಂದು ನಾನು ಪಣ ತೊಟ್ಟೆ. ನಾನು ಓದಿದ್ದು ಎಂಟನೆಯ ತರಗತಿ. ಹಳೆಯ ಕತ್ತಿ ಪರೀಕ್ಷಿಸುವ ವಿದ್ಯೆಯನ್ನು ಹಳೆ ಸಾಮಾನಿನ ಸಂತೆಯಿಂದ ಸಂತೆಗೆ ಅಲೆದು, ಭೂತಗನ್ನಡಿ ಹಿಡಿದು, ನಾನೇ ಕಲಿತೆ. ಕೊಂಬಿನ ಹಿಡಿಗೆ ವಯಸ್ಸಾಗಿದೆಯೋ, ಹಳತೆನಿಸಲು ಚಹಾದಲ್ಲಿ ಅದ್ದಿದ್ದಾರೋ? ತುಕ್ಕು ಕಾಲದ್ದೋ, ವಿನೆಗರಿನದೋ? ಮೂಸಿದರೆ ಸಾಕು, ಹೇಳಿಬಿಡುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಹೋದ ವರ್ಷದ ಸಂತೆಯಲ್ಲಿ ಒಬ್ಬ ಮೀಸೆಯ ವ್ಯಾಪಾರಿಗೆ ನಮ್ಮ ಕತ್ತಿಯ ಗುರುತು ವಿವರಿಸಿದೆ. ಅಲಗಿನ ಮೇಲೆ ಓಡುವ ಕಡವೆ, ಅದರ ಕೆಳಗೆ ಮುತ್ತಜ್ಜನ ಹೆಸರಿನ ಎರಡಕ್ಷರ. ಪುಣ್ಯಾತ್ಮ ಬಹಳ ಶ್ರದ್ಧೆಯಿಂದ ಕೇಳಿ, ಚೀಟಿಯಲ್ಲಿ ಬರೆದುಕೊಂಡ. ಈ ವರ್ಷ ಹೋದರೆ ಅವನ ಮೇಜಿನ ಮೇಲೆ ಓಡುವ ಕಡವೆ, ಕೆಳಗೆ ಎರಡಕ್ಷರ. ನನ್ನ ದುರ್ಬೀನು ಮತ್ತು ಎರಡು ಜೊತೆ ಕೊಂಬು ಕೊಟ್ಟು, ಕಣ್ಣೀರಿಡುತ್ತ ಕತ್ತಿಯನ್ನು ಎದೆಗಪ್ಪಿಕೊಂಡು ಬಂದೆ.

"ಬರೆದುಕೊಂಡವನ ಹತ್ತಿರವೇ ಸಿಕ್ತಾ?" ಎಂದಳು ಹೆಂಡತಿ ರೋಸ್ವಿಥಾ.

"ವಿದ್ಯೆ ಗೊತ್ತಿಲ್ಲದೋರು ಹಾಗೇ ಮಾತಾಡೋದು."

"ಸರಿ, ವಿದ್ಯಾವಂತರೇ, ಕೋಸಿನ ಕತ್ತಿ ಮೊಂಡಾಗಿದೆ. ಸಾಣೆ ಹಿಡಿದು ಕೊಡಿ."

ಅಮ್ಮನ ಕಾಲದಿಂದ ಅಡುಗೆಮನೆಯಲ್ಲಿದ್ದ ಕತ್ತಿ ಅದು. ಮರದ ಹಿಡಿ, ಕಪ್ಪುಗಟ್ಟಿದ ಅಲಗು. ಅಂದು ನಾನು ಉಬ್ಬಿದ್ದೆ. ಸಾಣೆಕಲ್ಲಿಗೆ ಬರಿಯ ಬಾಯನ್ನಲ್ಲ, ಅಲಗಿನ ಎರಡು ಕೆನ್ನೆಯನ್ನೂ ಕೊಟ್ಟೆ. ಕಪ್ಪಿನಡಿ ಏನೋ ಮಸುಕು ಚಿತ್ತಾರ ಕಾಣಿಸಿತು.

"ಏನ್ರೀ ಅದು? ನಾಲ್ಕು ಕಾಲಿದೆ."

"ಕಾರ್ಖಾನೆ ಮುದ್ರೆ ಕಣೇ. ಮೇಕೆ ಇರಬೇಕು. ಅಗ್ಗದ ಮಾಲು."

ಮೇಕೆ ಹೋಯಿತು. ಕೆಳಗಿದ್ದ ಗೀಚೂ ಹೋಯಿತು. ಅಲಗು ಕನ್ನಡಿಯಾಯಿತು.

ಬೇಟೆಗಾರರನ್ನು ಕಾಯುವ ಸಂತ ಹೂಬರ್ಟನ ಹಬ್ಬಕ್ಕೆ ನಾಲ್ಕು ದಿನವಿತ್ತು. ಚರ್ಚಿನ ಪೂಜೆಯಲ್ಲಿ ಎಬರ್ಟ್ ಮನೆತನದ ಕತ್ತಿಯನ್ನು ಪೀಠದ ಮುಂದೆ ಇಡುವುದೆಂದು ಊರ ಬೇಟೆಗಾರರು ಒಪ್ಪಿದ್ದರು. ಅದನ್ನು ಕಣ್ತುಂಬಿಕೊಳ್ಳಲು, ದೂರದ ಮಠದಲ್ಲಿ ಸನ್ಯಾಸಿನಿಯಾಗಿರುವ ನನ್ನ ಅಕ್ಕ ವಾಲ್ಬುರ್ಗಾ ಎಷ್ಟೋ ವರ್ಷದ ಮೇಲೆ ಮನೆಗೆ ಬಂದಳು. ರೋಸ್ವಿಥಾ ಉಪ್ಪಿನಲ್ಲಿ ಹುಳಿ ಬರಿಸಿಡಲು ಕೋಸು ಹೆಚ್ಚುತ್ತಿದ್ದಳು. ನಾನು ಮಖಮಲ್ಲಿನಿಂದ ಕತ್ತಿ ಬಿಚ್ಚಿ ಅಕ್ಕನ ಮುಂದಿಟ್ಟೆ.

ಅಕ್ಕ ತಿರುವಿ ಮುರುವಿ ನೋಡಿದಳು. "ಮುಕ್ಕೆಲ್ಲೋ, ಕಿಲಿಯಾನ್?"

"ಯಾವ ಮುಕ್ಕು?"

"ಹಂದಿಯ ಕೋರೆ ತಾಗಿ ಅಲಗು ಮುಕ್ಕಾಗಿತ್ತು. ಅಜ್ಜ ನನ್ನ ಬೆರಳನ್ನ ಅಲ್ಲಿಟ್ಟು ತೋರಿಸ್ತಿದ್ದ."

ಕೋಸು ಹೆಚ್ಚುವ ಸದ್ದು ನಿಂತಿತು. "ಹಿಡಿಯಿಂದ ನಾಲ್ಕು ಬೆರಳು ಆಚೆಗಾ ಅತ್ತಿಗೆ? ನಲವತ್ತೈದು ವರ್ಷದಿಂದ ಎಲೆ ಅಲ್ಲೇ ಸಿಕ್ಕಿಕೊಳ್ತಿದೆ."

ಅಕ್ಕ ಅತ್ತ ತಿರುಗಿ ನಕ್ಕಳು. "ಅದೇ ಅಲ್ವೇನೋ. ಸಿಪಾಯಿಗಳು ಬರ್ತಾರೆ ಅಂತ ಅಪ್ಪ ಕೊಂಬಿನ ಹಿಡಿ ಕಿತ್ತು, ಅಲಗು ಮೋಟು ಮಾಡಿ, ಮರದ ಹಿಡಿ ಹಾಕ್ದ. ದೀಪ ಹಿಡಿದಿದ್ದೋಳು ನಾನೇ. ಸಿಪಾಯಿಗಳು ಅದನ್ನ ನೋಡೂ ಇಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ?"

"ನೀನು ಯಾವಾಗ ಕೇಳಿದೆ? ನೀನು ಹೇಳೋವನು ಕಣೋ, ಕೇಳೋವನಲ್ಲ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರಿಗೆ ಕೊನೆಗೆ ಕೂಸಾದರೂ ಸಿಗುತ್ತದೆ. ನಾನು ಕೂಸಿನ ಮುಖವನ್ನೇ ಉಜ್ಜಿ ಅಳಿಸಿದ್ದೆ. ಕೋಸಿನ ಕತ್ತಿಯನ್ನು ತೆಗೆದುಕೊಂಡು ಅಲಗಿನ ಮೇಲೆ ಹೆಬ್ಬೆರಳು ಆಡಿಸಿದೆ. ಕಡವೆಯಿಲ್ಲ, ಅಕ್ಷರವಿಲ್ಲ. ಸಾಣೆಗೆ ದಕ್ಕದ ಆ ಮುಕ್ಕು ಮಾತ್ರ ಬೆರಳಿಗೆ ಕಚ್ಚಿತು. ಮೂರು ತಲೆಮಾರು ಕಾಪಾಡಿದ್ದು, ಸಿಪಾಯಿಗಳ ಕಣ್ಣಿಗೂ ಬೀಳದೆ ಉಳಿದದ್ದು, ಪರೀಕ್ಷಕನ ಕೈಗೆ ಸಿಕ್ಕಿ ಕಾಲು ಗಂಟೆಯಲ್ಲಿ ಮುಗಿದಿತ್ತು.

"ಬೇಟೆಗಾರರಿಗೆ ನಾನು ಹೇಳ್ತೀನಿ ಬಿಡು" ಎಂದಳು ಅಕ್ಕ.

"ಬೇಡಕ್ಕ. ಸಾರಿದೋನು ನಾನು, ನಾನೇ ಹೇಳ್ತೀನಿ."

ಕತ್ತಿ ಹಿಡಿದು ಕೋಸಿನ ರಾಶಿಯ ಮುಂದೆ ಕೂತೆ. ಕಣ್ಣು ಮಂಜಾಗಿ ಮೊದಲ ಏಟು ಹಲಗೆಗೆ ಬಿತ್ತು.

ರೋಸ್ವಿಥಾ ಮೆಲ್ಲಗೆ ಕೈ ಚಾಚಿದಳು. "ಕೊಡಿ ಇಲ್ಲಿ, ಬೆರಳು ಕುಯ್ಕೋತೀರಿ."

"ಬೇಡ ಕಣೇ. ಕೆಡಿಸೋವಾಗ ಯಾರ ಸಹಾಯವನ್ನೂ ಕೇಳ್ಲಿಲ್ಲ. ಹೆಚ್ಚೋದಕ್ಕೂ ಬೇಡ."