ಗ್ರಾಹಕರು ಮತ್ತು ಸಹಾಯಕ ಕೋಶ

ನಮ್ಮ ದೊಡ್ಡಮ್ಮನ ಎದುರು ನಿಂತು "ಕಾಲು ನೋವು" ಎನ್ನುವ ಧೈರ್ಯ ಇಡೀ ಕಾರಡ್ಕದಲ್ಲಿ ಯಾರಿಗೂ ಇಲ್ಲ. ಹೇಳಿದಿರೋ, ಕೆಟ್ಟಿರಿ! ನಿಮ್ಮನ್ನು ಕೂರಿಸಿ, ಚಹಾ ಕೊಟ್ಟು, ಅದು ಆರಿ ತಣ್ಣಗಾಗುವವರೆಗೆ ನಿಮ್ಮದೇ ನರಗಳ ಕಥೆಯನ್ನು ನಿಮಗೆ ಹೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಶಾಲೆ ಬಿಟ್ಟಿದ್ದಾರೆ, ಪಾಠ ಬಿಟ್ಟಿಲ್ಲ.

ಇದಕ್ಕೆಲ್ಲ ಕಾರಣ ದೊಡ್ಡಪ್ಪನ ಪಾದ. ಎರಡು ವರ್ಷದಿಂದ ಅವರ ಅಂಗಾಲು ಉರಿಯುತ್ತದೆ. ಗಾಯವಿಲ್ಲ, ಬಾವಿಲ್ಲ. ನರದ ತೊಂದರೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಆದರೆ ದೊಡ್ಡಪ್ಪನ ಸ್ವಂತ ತಮ್ಮ, ಅಂದರೆ ನನ್ನ ಅಪ್ಪ, ಮದುವೆಮನೆಯ ಊಟದ ಪಂಕ್ತಿಯಲ್ಲೇ ತೀರ್ಪು ಕೊಟ್ಟುಬಿಟ್ಟರು: "ಎಂತ ಉರಿ ಮಾರಾಯ? ಒಂದು ಗೀರೂ ಇಲ್ಲ. ಎಲ್ಲ ನಾಟಕ!"

ಅಂದಿನಿಂದ ದೊಡ್ಡಪ್ಪ ನೋವಿನ ಸುದ್ದಿ ಎತ್ತುವುದನ್ನೇ ಬಿಟ್ಟರು. ದೊಡ್ಡಮ್ಮ ಬಿಡುತ್ತಾರೆಯೇ? "ನಿನ್ನ ಅಪ್ಪನ ಬಾಯಿಂದಲೇ ಆ ಮಾತು ವಾಪಸ್ ತೆಗೆಸದಿದ್ರೆ ನಾನು ಟೀಚರೇ ಅಲ್ಲ!" ಎಂದು ನನ್ನೆದುರೇ ಶಪಥ ಮಾಡಿದರು.

ಆಮೇಲೆ ಶುರುವಾಯಿತು ನೋಡಿ ಸಂಶೋಧನೆ! ನರ, ನೋವು, ಸೆರೊಟೋನಿನ್ ಎಂದು ಫೋನಿಗೆ ಭೂತಗನ್ನಡಿ ಹಿಡಿದು ಓದಿದ್ದೇ ಓದಿದ್ದು. ಬೋವಿಕಾನದ ಮದ್ದಿನಂಗಡಿಯವರು ಒಮ್ಮೆ "ಸೆರೊಟೋನಿನ್ ಅಂದ್ರೆ ಸಂತೋಷದ ರಾಸಾಯನಿಕ ಅಲ್ವಾ ಟೀಚರ್?" ಎಂದು ಕೇಳಿ ಸಿಕ್ಕಿಬಿದ್ದರು.

"ಅದು ತಲೆಯಲ್ಲಿ ಇದ್ದಾಗ ಮಾರಾಯ್ರೇ! ಕಾಲಿನ ನರದ ತುದಿಯಲ್ಲಿ ಅದನ್ನು ಹಿಡಿಯುವ ಗ್ರಾಹಕ, ಅಂದ್ರೆ ರಿಸೆಪ್ಟರ್ ಉಂಟು. ಒಂದು ಜಾತಿಯ ಗ್ರಾಹಕ ಹಿಡಿದ್ರೆ ನೋವು ಏರ್ತದೆ, ಇನ್ನೊಂದು ಹಿಡಿದ್ರೆ ಇಳೀತದೆ. ನರಕ್ಕೆ ಸುತ್ತಿಕೊಂಡ ಸಹಾಯಕ ಕೋಶ ಉಂಟಲ್ಲ, ಅದರಲ್ಲೂ ಗ್ರಾಹಕ ಉಂಟು!"

ಪಾಪ, ಅಂಗಡಿಯ ನಿಜವಾದ ಗ್ರಾಹಕರು ಮದ್ದು ಸಿಗದೆ ಹೊರಗೆ ಸಾಲು ನಿಂತಿದ್ದರು.

ಕೊನೆಗೆ ಬೋವಿಕಾನದ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಭಾಷಣವೇ ನಿಗದಿಯಾಯಿತು. ಹೊರಗಿನ ಕಪ್ಪುಹಲಗೆಯಲ್ಲಿ ದೊಡ್ಡಮ್ಮನೇ ದುಂಡಗೆ ಬರೆದಿದ್ದರು: "ಗ್ರಾಹಕರು ಮತ್ತು ಸಹಾಯಕ ಕೋಶ. ಮಾಹಿತಿ ಸಭೆ. ಎಲ್ಲರೂ ಬನ್ನಿ."

ನರದ ಭಾಷಣಕ್ಕೆ ಯಾರು ಬರುತ್ತಾರೆ? ನಾನು, ದೊಡ್ಡಪ್ಪ ಮತ್ತು ಫ್ಯಾನು ಎಂದುಕೊಂಡು ಹೋದರೆ, ಕಾಲಿಡಲು ಜಾಗವಿಲ್ಲ! ಒಬ್ಬರ ಕೈಯಲ್ಲಿ ರೇಷನ್ ಕಾರ್ಡು, ಇನ್ನೊಬ್ಬರ ಕೈಯಲ್ಲಿ ಗ್ಯಾಸಿನ ಪುಸ್ತಕ. ಮೂರನೇ ಸಾಲಿನಲ್ಲಿ, ನಾಯ್ಮಾರ್ಮೂಲೆಯಿಂದ ತಂದ ಹೊಸ ಮಿಕ್ಸಿಯನ್ನು ಮಡಿಲಲ್ಲಿಟ್ಟುಕೊಂಡು, ಸಾಕ್ಷಾತ್ ನನ್ನ ಅಪ್ಪ!

"ಅತ್ತಿಗೆ, ನೀವು ಗ್ರಾಹಕರ ಪರ ಯಾವಾಗ ನಿಂತದ್ದು?" ಅಪ್ಪ ಎದ್ದು ಕೇಳಿದರು.

ಇವರೆಲ್ಲ ಬಂದದ್ದು ಅಂಗಡಿಯ ಗ್ರಾಹಕರ ದೂರು ಕೇಳುವ ಸಭೆ ಎಂದುಕೊಂಡು ಎಂದು ನನಗೆ ಆಗ ಹೊಳೆಯಿತು. ದೊಡ್ಡಮ್ಮ ಮಾತ್ರ ಕಣ್ಣು ಮಿಟುಕಿಸಲಿಲ್ಲ.

"ಎರಡು ವರ್ಷ ಆಯ್ತು. ನಿನ್ನ ದೂರು ಎಂತ?"

"ಈ ಮಿಕ್ಸಿ. ಸ್ವಿಚ್ ಹಾಕಿದ್ರೆ ಕಿರುಚ್ತದೆ."

"ಹೊರಗೆ ಎಂತಾದ್ರೂ ಪೆಟ್ಟು ಉಂಟಾ?"

"ಒಂದು ಗೀರೂ ಇಲ್ಲ."

"ಹಾಗಾದ್ರೆ ಎಲ್ಲ ನಾಟಕ!"

"ನಾಟಕ ಎಂತದ್ದು? ಒಳಗೆ ವಯರು ಹೋಗಿರ್ಬೇಕು..." ಎಂದ ಅಪ್ಪನ ಕಣ್ಣು ದೊಡ್ಡಪ್ಪನ ಪಾದಕ್ಕೆ ಹೋಗಿ ನಿಂತಿತು.

ಗೆದ್ದರು ದೊಡ್ಡಮ್ಮ! ಸೀದಾ ಒಳಗಿನ ಹಲಗೆಗೆ ನುಗ್ಗಿ ವಯರಿನ ಚಿತ್ರ ಬರೆದರು. ತಂತಿ ಎಂದರೆ ನರ, ಮೇಲಿನ ಹೊದಿಕೆ ಎಂದರೆ ಸಹಾಯಕ ಕೋಶ, ಎರಡರ ಮೇಲೂ ಗ್ರಾಹಕರು. ರೇಷನ್ ಕಾರ್ಡಿನವರು ಒಬ್ಬರೂ ಎದ್ದು ಹೋಗಲಿಲ್ಲ. "ನನ್ನ ಕಾಲೂ ಉರೀತದೆ ಟೀಚರೇ, ಮನೆಯಲ್ಲಿ ಯಾರೂ ನಂಬುವುದಿಲ್ಲ" ಎಂದು ಗ್ಯಾಸ್ ಪುಸ್ತಕದ ಹೆಂಗಸು ಎದ್ದು ನಿಂತಾಗ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಬಂದದ್ದು ಯಾವ ಗ್ರಾಹಕರಾದರೇನು, ಭಾಷಣ ಭರ್ಜರಿ!

ಜನ ಕರಗಿದ ಮೇಲೆ ಅಪ್ಪ ಮಿಕ್ಸಿಯನ್ನು ಬೆಂಚಿನ ಮೇಲಿಟ್ಟರು. ದೊಡ್ಡಪ್ಪನ ಮುಂದೆ ನೆಲದಲ್ಲಿ ಕುಳಿತು, ಅವರ ಚಪ್ಪಲಿ ಮೆಲ್ಲ ಬಿಚ್ಚಿ, ಪಾದವನ್ನು ಕೈಯಲ್ಲಿ ಹಿಡಿದುಕೊಂಡರು.

"ಅಂದು ನಾನು ಹಾಗೆ ಹೇಳ್ಬಾರದಿತ್ತು ಅಣ್ಣ. ಎಲ್ಲಿ ಉರಿಯುವುದು? ತೋರ್ಸು."

ದೊಡ್ಡಪ್ಪ ತೋರಿಸಿದರು. ಇಲ್ಲಿ, ಮತ್ತೆ ಇಲ್ಲಿ. ಅಷ್ಟು ಹೊತ್ತು ಮಾತಾಡಿದ್ದ ದೊಡ್ಡಮ್ಮ ನಮಗೆಲ್ಲ ಬೆನ್ನು ಹಾಕಿ, ಆಗಲೇ ಒರೆಸಿ ಮುಗಿದಿದ್ದ ಹಲಗೆಯನ್ನು ಮತ್ತೆ ಮತ್ತೆ ಒರೆಸುತ್ತಲೇ ಇದ್ದರು.