ಬದುಕಿದ್ದವರ ಕೊನೆಯ ಸಾಲು

ಪುಟದ ಅಡಿಯಲ್ಲಿ ಒಂದೇ ಒಂದು ಸಾಲಿನಷ್ಟು ಜಾಗ ಖಾಲಿ ಉಳಿದದ್ದೇ ಎಲ್ಲಕ್ಕೂ ಕಾರಣ.

ಮುದ್ರಣಾಲಯದಲ್ಲಿ ಕರಡು ತಿದ್ದುವ ಆತನನ್ನು ಎಲ್ಲರೂ ಕರಡಣ್ಣ ಎಂದೇ ಕರೆಯುತ್ತಿದ್ದರು. ‘ಲೋಕದ ಲೇಖಕರು’ ಪುಸ್ತಕಕ್ಕೆ ದೇಶದೇಶಗಳ ಸಾಹಿತಿಗಳ ಪುಟ್ಟ ಪರಿಚಯಗಳನ್ನು ಬರೆದವನೂ ಅವನೇ. ಅಂದು ಸಂಜೆಯೇ ಪುಸ್ತಕದ ಬಿಡುಗಡೆ. ಅದು ಮುಗಿದ ಕೂಡಲೇ ರೈಲು ಹತ್ತಿ, ತವರಿನಲ್ಲಿರುವ ಬಾಣಂತಿ ಹೆಂಡತಿಯನ್ನೂ ಇನ್ನೂ ಮುಖವನ್ನೇ ನೋಡದ ಮಗಳನ್ನೂ ಕಾಣಬೇಕು. ಮುದ್ರಣಾಲಯದ ಯಜಮಾನರು ರಜೆ ಕೊಟ್ಟಿದ್ದರು. ಬೆಳಗಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಹೊಸ ಪ್ರತಿಯೊಂದನ್ನು ತಿರುವಿ ಹಾಕುತ್ತಿದ್ದವನು ಒಂದು ಪುಟದಲ್ಲಿ ತಟ್ಟನೆ ನಿಂತ. ಸಂಜೆಯ ಮುಖ್ಯ ಅತಿಥಿ, ಹಿರಿಯ ಲೇಖಕಿ. ಅವರ ಪರಿಚಯದ ಕೊನೆಗೆ ಅಚ್ಚಾಗಿತ್ತು: ‘ಹೋದ ಚಳಿಗಾಲದಲ್ಲಿ ನಿಧನರಾದರು.’

“ಇದನ್ನ ಯಾರು ಸೇರಿಸಿದ್ದು?”

“ನಾನೇ ಅಣ್ಣ,” ಎಂದ ಪುಟ ಜೋಡಿಸುವವ, ಹೆಮ್ಮೆಯಿಂದ. “ಪುಟ ಒಂದು ಸಾಲು ಕಮ್ಮಿ ಬಂತು. ಉಳಿದವರೆಲ್ಲ ಕೊನೇ ಸಾಲಲ್ಲಿ ಸತ್ತಿದ್ರು. ಇವರದ್ದು ನೀವು ಮರೆತ್ರಿ ಅಂದ್ಕೊಂಡೆ.”

“ಚಳಿಗಾಲ ಎಲ್ಲಿಂದ ಬಂತೋ?”

“ಬೇಸಿಗೆ ಅಂದ್ರೆ ಒಂದಕ್ಷರ ಕಮ್ಮಿ ಬೀಳ್ತಿತ್ತು.”

“ಅವರು ಬದುಕಿದ್ದಾರೆ ಕಣೋ! ಸಂಜೆ ಇಲ್ಲಿಗೇ ಬರ್ತಾರೆ!”

“ಅಯ್ಯೋ, ಬದುಕಿರೋರನ್ನ ಯಾಕೆ ಪುಸ್ತಕಕ್ಕೆ ಹಾಕಿದ್ರಿ?”

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಸೇರಿದರು. ಲೆಕ್ಕದವರು ಶಾಯಿ ಬಳಿಯಲು ಹೇಳಿದರು. ಬಳಿದರೆ ಕೆನ್ನೆಯ ಮೇಲೆ ಮಸಿ ಮೆತ್ತಿದಂತೆ ಆ ಜಾಗವೇ ಮೊದಲು ಕಂಡಿತು. ಸಾಲನ್ನೇ ಕತ್ತರಿಸಿ ನೋಡಿದರು. ಹಿಂಬದಿಯ ಚಿತ್ರದಲ್ಲಿದ್ದ ಕವಿಯ ಗಡ್ಡ ಹೋಯಿತು.

“ಎದುರುಬದುರು ಪುಟ ಅಂಟಿಸಿಬಿಡೋಣ. ಹೊಸ ಪುಸ್ತಕ ಅಂಟಿಕೊಳ್ಳೋದು ಇದ್ದಿದ್ದೇ,” ಎಂದಳು ಬೈಂಡಿಂಗ್ ಅಕ್ಕ. ತನ್ನ ಊಟ ಬಿಟ್ಟು ಕರಡಣ್ಣನ ಜೊತೆ ಕೂತು ಒಂದೊಂದು ಪ್ರತಿಗೂ ಅಂಟು ಸವರಿದಳು. ನಡುವೆ ಸದ್ದಿಲ್ಲದೆ ಅವನ ಚೀಲಕ್ಕೆ ಏನನ್ನೋ ತುರುಕಿದಳು. ರಟ್ಟಿಗೆ ಹೊದಿಸುವ ಬಟ್ಟೆಯ ಚೂರಿನಲ್ಲಿ ಹೊಲಿದ ಪುಟ್ಟ ಕುಲಾವಿ.

“ಮಗೂಗೆ. ಬಣ್ಣ ಬಿಡಲ್ಲ, ಒಗೆದು ನೋಡಿದ್ದೀನಿ.”

ಸಂಜೆ ಲೇಖಕಿ ಬಂದರು. ಪುಸ್ತಕ ಕೈಗೆ ಸಿಕ್ಕೊಡನೆ, ಎಲ್ಲ ಬರಹಗಾರರಂತೆ, ಮೊದಲು ತಮ್ಮನ್ನೇ ಹುಡುಕಿದರು. ಪುಟ ಅಂಟಿತ್ತು. ಅವರು ಮುಡಿಯಿಂದ ಪಿನ್ನು ತೆಗೆದು, ಹಣ್ಣಿನ ಸಿಪ್ಪೆ ಸುಲಿಯುವಷ್ಟು ತಾಳ್ಮೆಯಿಂದ ಬಿಡಿಸತೊಡಗಿದರು. ಹಿಂದಿನ ಸಾಲಿನಲ್ಲಿ ಚೀಲ ತಬ್ಬಿ ಕೂತಿದ್ದ ಕರಡಣ್ಣ ಬೆವರಿನಲ್ಲಿ ತೊಯ್ದುಹೋದ. ಯಜಮಾನರ ಭಾಷಣ ಮುಗಿಯುವುದಕ್ಕೂ ಪುಟ ಬಿಚ್ಚಿಕೊಳ್ಳುವುದಕ್ಕೂ ಸರಿಹೋಯಿತು.

“ಇದನ್ನ ಬರೆದದ್ದು ಯಾರು?” ಲೇಖಕಿ ತಲೆಯೆತ್ತಿ ಕೇಳಿದರು.

ಕರಡಣ್ಣ ಎದ್ದು ನಿಂತ. “ನಾನೇ ಅಮ್ಮಾ. ತಪ್ಪಾಯ್ತು. ಆ ಕೊನೇ ಸಾಲು...”

“ಕೊನೇ ಸಾಲು ಇರಲಿ ಬಿಡಪ್ಪ. ಇವತ್ತಲ್ಲ ನಾಳೆ ನಿಜ ಆಗೋದೇ.” ಅವರು ಎದುರು ಪುಟದ ಲೇಖಕನ ಹೆಸರಿನ ಮೇಲೆ ಬೆರಳು ಕುಟ್ಟಿದರು. “ಈ ಮನುಷ್ಯನಿಗೆ ಮೂರು ಪುಟ! ಇವನು ಜೀವಮಾನವೆಲ್ಲ ಬರೆದದ್ದೇ ಮೂರು ಪುಸ್ತಕ. ನನಗೆ ಒಂದೇ ಪುಟವಾ?”

ಯಜಮಾನರು ಎರಡೂ ಕೈ ಜೋಡಿಸಿದರು. “ಮುಂದಿನ ಮುದ್ರಣದಲ್ಲಿ ನಾಲ್ಕು ಪುಟ ಕೊಡೋಣಮ್ಮ. ಇವನು ಈಗಲೇ ಕೂತು ಬರ್ಕೊಳ್ತಾನೆ.” ಆಮೇಲೆ ಕರಡಣ್ಣನ ಕಿವಿಯಲ್ಲಿ, “ರಜೆ ಮುಂದಿನ ವಾರ ನೋಡೋಣಪ್ಪ” ಎಂದರು.

ಲೇಖಕಿ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು, ತಮ್ಮ ಚಹಾದಲ್ಲಿ ಅರ್ಧವನ್ನು ಅವನಿಗೆ ಬಗ್ಗಿಸಿದರು.

“ಪಾಪ, ದಣಿದಿದ್ದೀಯ. ಕುಡಿ, ಅವಸರವಿಲ್ಲ. ಹಾಂ, ಬರ್ಕೋ. ನಮ್ಮ ಮುತ್ತಜ್ಜನಿಗೆ ಆಗಿನ್ನೂ ಹಾಲುಹಲ್ಲು...”