ಒಂದು ಕಂಡಿಕೆ ಹೊತ್ತಿನ ಟೀ

ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಹೊರಡುವವರನ್ನು ಕಂಡರೆ ಈಚೆಗೆ ನನಗೆ ಭಯವಾಗುತ್ತದೆ. ಕೆಟ್ಟಿದ್ದನ್ನು ರಿಪೇರಿ ಮಾಡಲು ಬರುವವರು ಹೆಚ್ಚೆಂದರೆ ಅದನ್ನು ಇನ್ನಷ್ಟು ಕೆಡಿಸಿ ಹೋಗುತ್ತಾರೆ, ಅದು ನಮಗೂ ರೂಢಿ. ಚೆನ್ನಾಗಿರುವುದರ ಮೇಲೆ ಕೈಹಾಕುವವರಿಗೆ ಮಾತ್ರ ತಾವು ಏನು ಮಾಡಿದೆವೆಂಬುದು ಬಹಳ ತಡವಾಗಿ ತಿಳಿಯುತ್ತದೆ. ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ, ನಾನೂ ಆ ಪೈಕಿಯವನೇ. ಹಾಗೆಂದು ನಾನು ದೇಶವನ್ನೋ ಸಮಾಜವನ್ನೋ ಸುಧಾರಿಸಲು ಹೋದವನಲ್ಲ. ಪಕ್ಕದ ಮನೆಯ ಚೌಡಮ್ಮನವರು ಸಂಜೆ ನಾಲ್ಕಕ್ಕೆ ಮಾಡುತ್ತಿದ್ದ ಮಸಾಲೆಯ ಕಪ್ಪು ಟೀಯನ್ನು ಸುಧಾರಿಸಲು ಹೋದೆ.

ಎರಡು ಸಾವಿರದ ನಾಲ್ಕೈದನೆಯ ಇಸವಿಯ ಮಾತು. ನಾನು ಕೊಯಮತ್ತೂರಿನ ಕುರಿಚಿಯಲ್ಲಿ ಒಂದು ಫೌಂಡ್ರಿಯ ತಪಾಸಣೆ ವಿಭಾಗದಲ್ಲಿದ್ದೆ. ಎರಕ ಹೊಯ್ದ ಪಂಪಿನ ಭಾಗಗಳಲ್ಲಿ ಬಿರುಕು, ತೂತು, ಗುಳ್ಳೆ ಹುಡುಕುವುದು ನನ್ನ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ಮನೆಗೆ ಬಂದ ಮೇಲೆ ಅದೊಂದು ಚಟವಾಗಿ ಉಳಿಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಒಂದು ಪಾಠವನ್ನು ತಪ್ಪದೆ ಹೇಳುತ್ತಿದ್ದೆ: "ಅಳತೆಯಲ್ಲಿ ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಬಂದರೆ ಹೆದರಬೇಡಿ. ಸತತ ಏಳು ಅಳತೆ ಒಂದೇ ಕಡೆಗೆ ಸರಿಯುತ್ತಾ ಹೋದರೆ ಮಾತ್ರ ಮಷಿನ್ ನಿಲ್ಲಿಸಿ. ಒಳಗೆ ಏನೋ ಸವೆಯುತ್ತಿದೆ." ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಅದನ್ನು ಮರೆತೆ.

ಟೀಯ ಹುಚ್ಚು ಹಿಡಿದದ್ದು ವಾಲ್ಪಾರೆಗೆ ಪ್ರವಾಸ ಹೋದಾಗ. ಅಲ್ಲಿನ ಒಂದು ಟೀ ಕಾರ್ಖಾನೆಯಲ್ಲಿ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಟ್ಟಲು ಇಟ್ಟು, ಒಬ್ಬ ಮನುಷ್ಯ ಚಮಚದಲ್ಲಿ ಟೀ ಎತ್ತಿ, ಸುರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗಿದು ಮುಂದೆ ಹೋಗುತ್ತಿದ್ದ. ಸುರ್ರೆನಿಸಿ ಕುಡಿದದ್ದಕ್ಕೆ ಚಿಕ್ಕಂದಿನಲ್ಲಿ ಅಜ್ಜನಿಂದ ತಲೆಗೆ ಮೊಟಕಿಸಿಕೊಂಡವನು ನಾನು. ಅದೇ ಸುರ್ರಿಗೆ ಇಲ್ಲಿ ಸಂಬಳ ಕೊಡುತ್ತಾರೆಂದು ನೋಡಿ ಬೆರಗಾದೆ. ಮನೆಗೆ ಬಂದವನೇ ಅಡುಗೆಮನೆಯ ಸಿಂಕಿನ ಮುಂದೆ ನಿಂತು ನನ್ನ ಹೆಂಡತಿ ಶಾರದೆ ಮಾಡಿದ ಟೀಯನ್ನು ಸುರ್ರೆಂದು ಎಳೆದು, ಉಗಿದು, ಹತ್ತಕ್ಕೆ ಐದೂವರೆ ಕೊಟ್ಟೆ. ಲವಂಗ ಮುಂದಾಗಿದೆ, ಏಲಕ್ಕಿ ಹಿಂದುಳಿದಿದೆ ಎಂದು ವಿವರಿಸಿದೆ. ಅವಳು ಸೌಟನ್ನು ನಿಧಾನವಾಗಿ ಕೆಳಗಿಟ್ಟು, "ನಾಳೆಯಿಂದ ಹಿಂದೆಮುಂದೆ ಎಲ್ಲಾ ನೀವೇ ಸರಿಮಾಡ್ಕೊಳ್ಳಿ" ಎಂದಳು. ಮರುದಿನದಿಂದ ನಮ್ಮ ಮನೆಯಲ್ಲಿ ಟೀ ನನ್ನ ಪಾಲಿಗೆ ಬಂತು. ನನ್ನ ಟೀಗೆ ಅವಳು ಅಂಕ ಕೊಡಲಿಲ್ಲ, ಸುಮ್ಮನೆ ಕಾಫಿ ಕುಡಿಯತೊಡಗಿದಳು.

ನಾವಿದ್ದದ್ದು ಕಿಣತ್ತುಕಡವಿನಲ್ಲಿ, ನೇಕಾರರ ಒಂದು ಬೀದಿಯಲ್ಲಿ. ಮನೆಯ ಮಾಲೀಕರು ರಾಮಲಿಂಗಂ ಮತ್ತು ಚೌಡಮ್ಮ. ಎಷ್ಟೋ ತಲೆಮಾರಿನ ಹಿಂದೆ ಈ ಕಡೆಗೆ ಬಂದ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಗೋಡೆಯ ಆ ಕಡೆ ಮುಂದಿನ ಕೋಣೆಯಲ್ಲಿ ಗುಂಡಿಮಗ್ಗ. ರಾಮಲಿಂಗಂ ಅದರೊಳಗೆ ಕಾಲು ಇಳಿಬಿಟ್ಟು ಕುಳಿತು ಬಲಗೈಯಲ್ಲಿ ಹಗ್ಗ ಎಳೆದರೆ ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಮೊದಲ ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಬಂದು ನಾನು ಕಾಲು ಚಾಚುವ ಹೊತ್ತಿಗೆ ಆ ಸದ್ದು ಕೇಳುತ್ತಿತ್ತು. ನಾಲ್ಕು ಗಂಟೆಗೆ ಸರಿಯಾಗಿ ಚೌಡಮ್ಮ ಹಿತ್ತಿಲ ಮೋಟುಗೋಡೆಯ ಮೇಲೆ ಒಂದು ಲೋಟ ಇಟ್ಟು ಕೂಗುತ್ತಿದ್ದರು: "ತಂಬಿ, ವರ ಟೀ ಆರಿಹೋಗುತ್ತೆ, ಬನ್ನಿ."

ವರ ಟೀ ಎಂದರೆ ಹಾಲು ಹಾಕದ ಟೀ. ಒಣಶುಂಠಿ, ಏಲಕ್ಕಿ, ಎರಡು ಲವಂಗ, ಕುಟ್ಟಿದ ಕಾಳುಮೆಣಸು, ಒಂದು ಚೂರು ಚಕ್ಕೆ, ಬೆಟ್ಟದ ಟೀ ಪುಡಿ, ತಾಳೆಬೆಲ್ಲ. ಇಷ್ಟನ್ನೇ ನಾನು ನಮ್ಮ ಮನೆಯಲ್ಲಿ ಹಾಕಿದರೆ ಕಷಾಯವಾಗುತ್ತಿತ್ತು, ಅವರು ಹಾಕಿದರೆ ಟೀ ಆಗುತ್ತಿತ್ತು. ಮೊದಲು ಮೆಣಸಿನ ಬಿಸಿ ಗಂಟಲಿಗೆ ತಾಕಿ, ಆಮೇಲೆ ಬೆಲ್ಲ ಅದನ್ನು ಸಮಾಧಾನ ಮಾಡಿ, ಕೊನೆಯಲ್ಲಿ ಏಲಕ್ಕಿ ಉಳಿಯುತ್ತಿತ್ತು. ಮೊದಲ ದಿನವೇ ಸುರ್ರೆಂದು ಎಳೆದವನು ಉಗಿಯುವುದನ್ನು ಮರೆತು ನುಂಗಿದೆ. ಹತ್ತಕ್ಕೆ ಹತ್ತು ಕೊಡಲು ವೃತ್ತಿ ಬಿಡಲಿಲ್ಲ, ಒಂಬತ್ತೂವರೆ ಎಂದು ಬರೆದುಕೊಂಡೆ.

ಗುಟ್ಟು ಕೇಳಿದ್ದಕ್ಕೆ ಅವರು ನಕ್ಕರು. "ಅಳವು, ಅಳತೆ ಎಲ್ಲಾ ಏನೂ ಇಲ್ಲ ತಂಬಿ. ಅವರು ಲಾಳಿಗೆ ತಾರು ಹಾಕಿದ ಉಡನೆ ನಾನು ಪುಡಿ ಹಾಕಿ ಮುಚ್ತೀನಿ. ತಾರು ಮುಗಿದು ತರಿ ನಿಂತ್ರೆ ನಾನು ಸೋಸ್ತೀನಿ. ಅಷ್ಟೇ." ತಾರು ಎಂದರೆ ನಮ್ಮ ಕಡೆ ಕಂಡಿಕೆ ಎನ್ನುತ್ತಾರಲ್ಲ, ಲಾಳಿಯೊಳಗೆ ಕೂರುವ ನೂಲು ಸುತ್ತಿದ ಕಡ್ಡಿ, ಅದು. ತರಿ ಎಂದರೆ ಮಗ್ಗ. ಒಂದು ಕಂಡಿಕೆಯ ನೂಲು ಮುಗಿದು ಸದ್ದು ನಿಂತಿತೆಂದರೆ ಟೀ ಆಯಿತು. ಆ ಕಂಡಿಕೆಗಳನ್ನು ರಾಟೆಯಲ್ಲಿ ಸುತ್ತುತ್ತಿದ್ದವರೂ ಚೌಡಮ್ಮನವರೇ. ಅಂದರೆ ಹೆಂಡತಿ ಸುತ್ತಿದ ನೂಲನ್ನು ಗಂಡ ನೇಯ್ದು ಮುಗಿಸುವಷ್ಟು ಹೊತ್ತು ಅದು ಕುದಿಯಬೇಕು. ಇಂಥ ಮಾತು ಕೇಳಿದ ಯಾವನೇ ಸಹೃದಯನಾದರೂ ಒಂದು ಗುಟುಕು ಕುಡಿದು ಸುಮ್ಮನಾಗುತ್ತಿದ್ದ. ನಾನು ಒಳಗೆ ಹೋಗಿ ಸ್ಟಾಪ್‌ವಾಚ್ ತಂದೆ.

ಅಂದಿನಿಂದ ದಿನವೂ ಗೋಡೆಗೆ ಕಿವಿಗೊಟ್ಟು ಕಂಡಿಕೆಯ ಹೊತ್ತನ್ನು ಅಳೆದು ಒಂದು ನೋಟುಬುಕ್ಕಿನಲ್ಲಿ ಬರೆಯತೊಡಗಿದೆ. ಪಕ್ಕದ ಅಂಕಣದಲ್ಲಿ ರುಚಿ. ಶಾರದೆ, "ಯಾರಾದ್ರೂ ನೋಡಿದ್ರೆ ಕದ್ದು ಕೇಳ್ತಾರೆ ಅಂದ್ಕೊಳ್ತಾರೆ" ಎಂದು ಎಚ್ಚರಿಸಿದಳು. ವಿಜ್ಞಾನಕ್ಕೆ ಅಪವಾದ ಹೊಸದಲ್ಲ ಎಂದು ಮುಂದುವರಿಸಿದೆ. ಮೊದಲ ತಿಂಗಳು ಐದು ನಿಮಿಷದ ಆಸುಪಾಸು: ಒಂದು ದಿನ ಐದು, ಒಂದು ದಿನ ನಾಲ್ಕೂಮುಕ್ಕಾಲು. ರುಚಿ: ಉತ್ತಮ. ಎರಡನೆಯ ತಿಂಗಳು ಐದೂವರೆ, ಐದೂಮುಕ್ಕಾಲು, ಆರು. ರುಚಿ: ಸ್ವಲ್ಪ ಒಗರು. ಮೂರನೆಯ ತಿಂಗಳ ಹೊತ್ತಿಗೆ ಆರೂವರೆ ದಾಟಿ ಏಳಕ್ಕೆ ಬಂತು. ರುಚಿಯ ಅಂಕಣದಲ್ಲಿ ನಾನು ಬರೆದದ್ದು ಈಗಲೂ ಹಾಗೆಯೇ ಇದೆ: ಕಹಿ. ಸುಧಾರಣೆ ಅಗತ್ಯ.

ಚೌಡಮ್ಮನವರಿಗೂ ಗೊತ್ತಾಗಿತ್ತು. "ಏನೋ ತಂಬಿ, ಈಚೆಗೆ ಕಸಪ್ಪಾಗೇ ಬರುತ್ತೆ. ಪುಡಿ ಶರಿ ಇಲ್ಲ ಅನ್ಸುತ್ತೆ" ಎಂದು ಅಂಗಡಿ ಬದಲಾಯಿಸಿದರು. ತಾಳೆಬೆಲ್ಲ ಜಾಸ್ತಿ ಹಾಕಿದರು. ರಾಮಲಿಂಗಂ ಮಾತ್ರ ಜಗಲಿಯಲ್ಲಿ ಕೂತು ಆ ಕಹಿಯನ್ನು ಮುಖ ಕಿವಿಚದೆ ಕುಡಿದು, "ನಲ್ಲಾಗೇ ಇದೆ" ಎನ್ನುತ್ತಿದ್ದರು. ರುಚಿ ಗೊತ್ತಿಲ್ಲದ ಮನುಷ್ಯ ಎಂದು ನಾನು ಮನಸ್ಸಿನಲ್ಲೇ ಅವರಿಗೂ ಅಂಕ ಕೊಟ್ಟೆ.

ಸಮಸ್ಯೆ ಪುಡಿಯದಲ್ಲ, ಹೊತ್ತಿನದು ಎಂಬುದನ್ನು ಕಂಡುಹಿಡಿದವನು ನಾನೇ. ಅಲ್ಲಿಗೇ ನಿಂತೆ. ಹೊತ್ತು ಏಕೆ ಬದಲಾಯಿತು ಎಂದು ಕೇಳಿಕೊಳ್ಳುವ ಬದಲು ಹೊತ್ತನ್ನೇ ಕಟ್ಟಿಹಾಕಿದೆ. ಕೊಯಮತ್ತೂರಿನ ಟೌನ್‌ಹಾಲ್ ಹತ್ತಿರದ ಅಂಗಡಿಯಿಂದ ತಿರುವಿದರೆ ಗಂಟೆ ಹೊಡೆಯುವ ಒಂದು ಅಡುಗೆ ಟೈಮರ್ ತಂದು, ಐದು ನಿಮಿಷಕ್ಕೆ ಕೆಂಪು ಗೆರೆ ಎಳೆದು ಚೌಡಮ್ಮನವರ ಕೈಗಿಟ್ಟೆ. ಜೊತೆಗೆ ದಪ್ಪ ರಟ್ಟಿನ ಮೇಲೆ ದುಂಡನೆಯ ಅಕ್ಷರದಲ್ಲಿ ವಿಧಾನವನ್ನೂ ಬರೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಎಳುತ್ತಾ? ಇಷ್ಟು ಅಳಗಾಗಿರುತ್ತಾ?" ಎಂದರು. ನಮ್ಮ ಅಕ್ಷರ ಇಷ್ಟು ಚಂದವಿರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಕನ್ನಡ ಆಡಲು ಬರುತ್ತಿತ್ತೇ ಹೊರತು ಆ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಮರುದಿನ ನೋಡಿದರೆ ನನ್ನ ಟೀ ವಿಧಾನ ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಟೈಮರ್ ನೋಡಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ರಾಮಲಿಂಗಂ. ಎರಡು ವರ್ಷದಲ್ಲಿ ನನ್ನೊಡನೆ ಹತ್ತು ಮಾತು ಆಡಿರದ ಮನುಷ್ಯ ಜಗಲಿಯಿಂದ ಎದ್ದು ಬಂದು, "ನಲ್ಲ ವೇಲೆ ಮಾಡಿದ್ರಿ ತಂಬಿ. ಇನ್ಮೇಲೆ ಟೀಗೂ ತರಿಗೂ ಸಂಬಂಧ ಇಲ್ಲ" ಎಂದರು. ಫೌಂಡ್ರಿಯಲ್ಲಿ ಯಾರೂ ನನ್ನನ್ನು ಹೊಗಳಿದವರಿಲ್ಲ, ನಾನು ಉಬ್ಬಿಹೋದೆ. ಆ ರಾತ್ರಿ ಶಾರದೆಗೆ ಅದನ್ನು ಮೂರು ಸಲ ಹೇಳಿದೆ. ಮೂರನೆಯ ಸಲ ಅವಳು ದೀಪ ಆರಿಸಿದಳು.

ಮುಂದಿನ ಎರಡು ತಿಂಗಳು ಟೀ ಒಂದೇ ಹದದಲ್ಲಿ ಬಂತು. ದಿನವೂ ಒಂಬತ್ತೂವರೆ. ಅಳೆಯಲು ಏನೂ ಉಳಿಯಲಿಲ್ಲವೆಂದು ನಾನು ಗೋಡೆಗೆ ಕಿವಿಗೊಡುವುದನ್ನು ಬಿಟ್ಟೆ. ಹಾಗಾಗಿ ಒಂದು ದಿನ ಮಧ್ಯಾಹ್ನ ಆ ಕಡೆ ಮಗ್ಗದ ಸದ್ದೇ ಇಲ್ಲವೆಂಬುದು ನನಗೂ ತಿಳಿಯಲಿಲ್ಲ. ಟೈಮರಿನ ಗಂಟೆ ಕೇಳಿ ಲೋಟಕ್ಕಾಗಿ ಹಿತ್ತಿಲಿಗೆ ಹೋದೆ. ಮೋಟುಗೋಡೆಯ ಮೇಲೆ ಲೋಟ ಇರಲಿಲ್ಲ. ಒಳಗಿನಿಂದ ಚೌಡಮ್ಮ ನನ್ನನ್ನು ಕರೆದರು. ರಾಮಲಿಂಗಂ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡೇ ಕೂತಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ಹಗ್ಗದ ಮೇಲೆ ಇಡುತ್ತಿದ್ದರು. ಅದು ಜಾರಿ ತೊಡೆಯ ಮೇಲೆ ಬೀಳುತ್ತಿತ್ತು. ಮತ್ತೆ ಎತ್ತಿ ಇಡುತ್ತಿದ್ದರು. ನಮ್ಮನ್ನು ನೋಡಿ ನಾಚಿಕೊಂಡವರಂತೆ ನಿಲ್ಲಿಸಿದರು.

ಪೊಳ್ಳಾಚಿಯ ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋದೆವು. ನರದ ತೊಂದರೆ, ಒಂದೇ ದಿನದಲ್ಲಿ ಬಂದದ್ದಲ್ಲ, ತಿಂಗಳುಗಟ್ಟಲೆ ಕೈ ನಿಧಾನವಾಗುತ್ತಾ ಬಂದಿರಬೇಕು ಎಂದರು ಡಾಕ್ಟರ್. ಯಾವಾಗಿನಿಂದ ಎಂದು ಕೇಳಿದರು. "ನೆನ್ನೆವರೆಗೂ ನೇಯ್ತಿದ್ದರಲ್ಲ" ಎಂದು ಚೌಡಮ್ಮ ನನ್ನ ಕಡೆ ನೋಡಿದರು. ರಾಮಲಿಂಗಂ ಸೂರು ನೋಡುತ್ತಾ ಮಲಗಿದ್ದರು. ಮೊದಲೇ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಎಂದು ಡಾಕ್ಟರ್ ಚೀಟಿ ಬರೆಯತೊಡಗಿದರು. ಯಾವಾಗಿನಿಂದ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರು ಬೇಕೆಂದೇ ಮುಚ್ಚಿಟ್ಟವರು. ಇನ್ನೊಬ್ಬ ಅದನ್ನು ದಿನಾಂಕ ಸಮೇತ ಬರೆದಿಟ್ಟು, ಟೀಯ ದೋಷವೆಂದು ತಿಳಿದಿದ್ದವನು.

ಆ ದಿನ ಮನೆಗೆ ಬಂದು ನೋಟುಬುಕ್ಕು ತೆರೆದೆ. ನೂಲು ಅಷ್ಟೇ, ಕಂಡಿಕೆ ಅಷ್ಟೇ, ಸುತ್ತಿದ ಕೈ ಅದೇ. ಬದಲಾಗಿದ್ದದ್ದು ನೇಯುವ ಕೈ ಒಂದೇ. ಏಳಲ್ಲ, ಇಪ್ಪತ್ತೇಳು ಅಳತೆ ಒಂದೇ ಕಡೆಗೆ ಸರಿದಿದ್ದವು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವಳನ್ನು ಕಂಡು ನಗುತ್ತೇವೆ. ಅವಳು ಹುಡುಕಲಾದರೂ ಹುಡುಕಿದಳು. ಆ ಮನೆಯಲ್ಲಿ ರೋಗವನ್ನು ಹೇಳಬಲ್ಲದ್ದು ಟೀ ಒಂದೇ ಆಗಿತ್ತು. ದಿನವೂ ನಾಲ್ಕು ಗಂಟೆಗೆ ಅದು ಕಹಿಯಾಗಿ ಹೇಳುತ್ತಲೇ ಇತ್ತು. ನಾನು ಟೈಮರ್ ತಂದು ಅದರ ಬಾಯಿ ಮುಚ್ಚಿಸಿದೆ. ರಾಮಲಿಂಗಂ ಏಕೆ ಅಷ್ಟು ಖುಷಿಪಟ್ಟರೆಂಬುದು ಆಗ ಹೊಳೆಯಿತು. ನನ್ನ ಜೀವನದ ಒಂದೇ ಒಂದು ಮೆಚ್ಚುಗೆ ಹೀಗೆ ಕೈಬಿಟ್ಟುಹೋಯಿತು.

ಹದಿನೈದು ದಿನ ತಡೆದು, ತಡೆಯಲಾರದೆ, ನೋಟುಬುಕ್ಕು ಹಿಡಿದುಕೊಂಡು ಚೌಡಮ್ಮನವರ ಮುಂದೆ ಕೂತೆ. ಅವರಿಗೆ ಓದಲು ಬಾರದ್ದರಿಂದ ನಾನೇ ಓದಬೇಕಾಯಿತು. ಐದು, ಐದೂವರೆ, ಆರು, ಏಳು. ಅವರು ರಾಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಆ ರಾಟೆಗೆ ಈಗ ಕೆಲಸವಿರಲಿಲ್ಲ.

"ಏಳು ನಿಮಿಷದ ದಿವಸ ಏನ್ ಬರ್ದಿದೀರಿ ತಂಬಿ?"

"ಕಹಿ ಅಂತ ಬರ್ದಿದೀನಮ್ಮ. ಸುಧಾರಣೆ ಅಗತ್ಯ ಅಂತ."

ಅವರು ಖಾಲಿ ರಾಟೆಯನ್ನು ಒಂದು ಸುತ್ತು ತಿರುಗಿಸಿದರು. "ನಾನೂ ಬೆಲ್ಲ ಹಾಕ್ದೆ" ಎಂದರು. "ನಲವತ್ತು ವರ್ಷ ಆ ತರಿ ಸದ್ದು ಕೇಳಿದೋಳು ನಾನು. ನನಗೇ ತೆರಿಯಲಿಲ್ಲ. ನೀವು ಬೇರೆ ಮನೆಯವರು, ನಿಮಗೇನ್ ತೆರಿಯುತ್ತೆ, ವಿಡಿ." ಬಿಡಿ ಎಂದರು ನಿಜ. ಆದರೆ ನಾನು ಹೊರಡುವಾಗ ಟೈಮರನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ವಾಪಸು ಕೊಟ್ಟರು. ಅವರು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ರಾಮಲಿಂಗಂ ಅವರ ಕೈ ಔಷಧಿಯಿಂದ ಲೋಟ ಎತ್ತುವಷ್ಟು ಸರಿಹೋಯಿತು, ಲಾಳಿಯ ಹಗ್ಗಕ್ಕೆ ಮತ್ತೆ ಹೋಗಲಿಲ್ಲ. ಮೋಟುಗೋಡೆಯ ಮೇಲೆ ಆಮೇಲೂ ನಾಲ್ಕಕ್ಕೆ ಲೋಟ ಬರುತ್ತಿತ್ತು. ಅದು ಹಾಲು ಹಾಕಿದ ಟೀ. ವರ ಟೀ ಮಾಡುವುದನ್ನು ಅವರು ಬಿಟ್ಟಿದ್ದರು.

ನಾವು ಆ ಊರು ಬಿಟ್ಟು ಬಂದು ಕೆಲವು ವರ್ಷಗಳಾದವು. ಶಾರದೆಯನ್ನು ಕಾಡಿ ಬೇಡಿ ಮತ್ತೆ ಟೀ ಮಾಡಲು ಒಪ್ಪಿಸಿದ್ದೇನೆ. ಟೈಮರ್ ಅಟ್ಟದ ಮೇಲಿದೆ. ಈಗ ಅಂಕ ಕೊಡುವುದಿಲ್ಲ, ಉಗಿಯುವುದಿಲ್ಲ. ಆದರೆ ಟೀ ಎಂದಾದರೂ ಒಂದು ಚೂರು ಕಹಿಯಾಯಿತೋ, ನನ್ನ ಕಣ್ಣು ಮೊದಲು ಅವಳ ಕೈಗೆ ಹೋಗುತ್ತದೆ. ಮೊನ್ನೆಯೂ ಹಾಗೆಯೇ ಆಯಿತು. ಲೋಟ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡು, "ಮೈಗೆ ಹುಷಾರಿಲ್ವಾ? ಕೈ ಏನಾದ್ರೂ ನೋಯುತ್ತಾ? ನನ್ನ ಹತ್ರ ಮುಚ್ಚಿಡಬೇಡ" ಎಂದೆ. ಅವಳು ನನ್ನನ್ನೇ ನೋಡಿದಳು.

"ಟೀ ಚೆನ್ನಾಗಿಲ್ಲ ಅಂತ ನೇರವಾಗಿ ಹೇಳೋಕೇನು ನಿಮಗೆ?" ಎಂದಳು.

ಚೆನ್ನಾಗಿದೆ ಎಂದು ಹೇಳಿ ಪೂರ್ತಿ ಕುಡಿದು ಲೋಟ ತೊಳೆದಿಟ್ಟೆ. ಆಮೇಲೆ ಅವಳಿಗೆ ಕಾಣದ ಹಾಗೆ ಬಾಗಿಲ ಮರೆಯಲ್ಲಿ ನಿಂತು, ಅವಳು ಪಾತ್ರೆ ಉಜ್ಜುವುದನ್ನು ಐದು ನಿಮಿಷ ನೋಡಿದೆ.